ಬೀಜ ತೆಗೆದ ಹಾಡು

ಇದು ಹುಬ್ಬಳ್ಳಿಯ ಮೇಲ್ಸೇತುವೆಗಳೆಲ್ಲ ಕಟ್ಟಿ ಮುಗಿದ ಮೇಲೆ ನಡೆದ ಕಥೆ. ಅಂದಮೇಲೆ ಎಷ್ಟು ಮುಂದಿನ ಕಾಲದ್ದೆಂದು ನೀವೇ ಊಹಿಸಿಕೊಳ್ಳಿ. ಆ ಹೊತ್ತಿಗೆ ಭೂಮಿಯ ಮೇಲೆ ಹಾಡು ಕೇಳುವ ಕಿವಿಗಳು ಎಷ್ಟಿದ್ದವೋ ಅಷ್ಟೂ ನನ್ನ ಕೈಯಲ್ಲಿದ್ದವು. ಉತ್ಪ್ರೇಕ್ಷೆ ಅನ್ನಬೇಡಿ, ಒಂದೆರಡು ತಪ್ಪಿಹೋಗಿದ್ದರೆ ಅವು ಕಿವುಡು ಇದ್ದಿರಬೇಕು. ಗೋಕುಲ ರಸ್ತೆಯಲ್ಲಿರುವ ‘ಗುಂಯ್’ ಎಂಬ ಸಂಗೀತದ ಆ್ಯಪ್ ಕಂಪನಿಯಲ್ಲಿ ನಾನು, ವಿರೂಪಾಕ್ಷ ಮೊರಬದ, ಕೇಳುಗರ ವಿಭಾಗದ ಮುಖ್ಯಸ್ಥ. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ನಾನೊಮ್ಮೆ ಸೀನಿದರೆ ಬ್ರೆಜಿಲ್‌ನಲ್ಲಿ ಯಾರೋ ಕೇಳುತ್ತಿದ್ದ ಹಾಡು ಬದಲಾಗುತ್ತಿತ್ತು. ನಮ್ಮ ಸರ್ವರ್ ಕೋಣೆಯ ತಂಪು ಎಂಥದೆಂದರೆ, ಏಪ್ರಿಲ್ ತಿಂಗಳ ಬಿಸಿಲು ಕೂಡ ಅದರ ಕಿಟಕಿಯನ್ನು ಮಂಕಿ ಟೋಪಿ ಹಾಕಿಕೊಂಡೇ ದಾಟುತ್ತಿತ್ತು.

ಆ ಕಟ್ಟಡ ಮೊದಲು ಹತ್ತಿಯ ಜಿನ್ನಿಂಗ್ ಮಿಲ್ಲು. ಸುತ್ತಲ ಹಳ್ಳಿಗಳಿಂದ ಬಂದ ಹತ್ತಿಯನ್ನು ಯಂತ್ರದ ಹಲ್ಲುಗಳು ಹಿಂಜಿ, ಬಿಳಿ ಅರಳೆಯನ್ನು ಒಂದು ಕಡೆ, ಕರಿ ಬೀಜವನ್ನು ಇನ್ನೊಂದು ಕಡೆ ಉಗುಳುತ್ತಿದ್ದವಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೋಡೆಯ ಸಂದಿನಲ್ಲಿ ನನಗೊಂದು ಹಳೆಯ ಹತ್ತಿಬೀಜ ಸಿಕ್ಕಿತು. ಅದನ್ನು ಬೆರಳುಗಳ ನಡುವೆ ಉರುಳಿಸುತ್ತ ಕೂತಿದ್ದಾಗಲೇ ಆ ಮಹಾ ಯೋಚನೆ ಬಂದದ್ದು. ಹತ್ತಿಯಿಂದ ಬೀಜ ತೆಗೆಯಬಹುದಾದರೆ ಹಾಡಿನಿಂದ ಬೇಸರವನ್ನು ಯಾಕೆ ತೆಗೆಯಬಾರದು? ಸೇಬು ಬಿದ್ದದ್ದನ್ನು ನೋಡಿ ಹಿಂದೊಬ್ಬರಿಗೆ ಏನೋ ಹೊಳೆಯಿತಂತೆ. ಇರಲಿ, ಅವರೂ ದೊಡ್ಡವರೇ.

ಯಂತ್ರದ ಗುಟ್ಟು ಇಷ್ಟೇ. ನಮ್ಮ ಇಯರ್‌ಬಡ್ಡಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಸಂವೇದಕ. ಅದು ಕಿವಿಯೊಳಗಿನ ನಾಡಿಯನ್ನೂ ಕಿವಿತಮಟೆಯ ಹಿಂದೆ ನೂಲಿನಂತಿರುವ ಸ್ನಾಯುವನ್ನೂ ಗಮನಿಸುತ್ತಲೇ ಇರುತ್ತದೆ. ಮನಸ್ಸು ಹಾಡಿನಲ್ಲಿದ್ದಾಗ ಆ ಸ್ನಾಯು ಬಿಗಿ. ಮನಸ್ಸು ಒಲೆಯ ಮೇಲಿಟ್ಟ ಹಾಲಿನ ಕಡೆಗೋ ಪಕ್ಕದ ಮನೆಯ ಜಗಳದ ಕಡೆಗೋ ಜಾರಿತೆಂದರೆ ಸಡಿಲ. ಸಡಿಲವಾದ ಜಾಗಗಳನ್ನೆಲ್ಲ ಯಂತ್ರ ನೆನಪಿಟ್ಟುಕೊಂಡು, ಮುಂದಿನ ಸಲ ಅಷ್ಟನ್ನೂ ತೆಗೆದುಹಾಕಿ, ತಾಳ ತಪ್ಪದಂತೆ ತುದಿಗೆ ತುದಿ ಹೊಲಿಯುತ್ತದೆ. ಹೊಲಿಗೆ ಯಾರಿಗೂ ಕಾಣುವುದಿಲ್ಲ. ಏನೋ ಕಳೆದಿದೆ ಎಂದೂ ಅನಿಸುವುದಿಲ್ಲ. ಇವತ್ತು ಹಾಡು ಬಲು ಸೊಗಸಾಗಿತ್ತು ಅನಿಸುತ್ತದೆ. ಒಂದೇ ಹಾಡು ನಿಮ್ಮ ಕಿವಿಗೆ ಒಂದು ಅಳತೆ, ನಿಮ್ಮ ಹೆಂಡತಿಯ ಕಿವಿಗೆ ಇನ್ನೊಂದು. ಈ ಸೌಲಭ್ಯಕ್ಕೆ ‘ಅರಳೆ’ ಎಂದು ಹೆಸರಿಟ್ಟವನೂ ನಾನೇ.

ವ್ಯಾಪಾರಕ್ಕೂ ಅದು ಹೇಳಿ ಮಾಡಿಸಿದ ಹಾಗಿತ್ತು. ಪುಕ್ಕಟೆ ಕೇಳುವವರಿಗೆ ಎರಡು ಹಾಡುಗಳ ನಡುವೆ ಜಾಹೀರಾತು ಬರುತ್ತದೆ. ಹಾಡು ಗಿಡ್ಡಾದಷ್ಟೂ ನಡುವಿನ ಸಂದುಗಳು ಹೆಚ್ಚು. ಸಂದು ಹೆಚ್ಚಾದಷ್ಟೂ ಜಾಹೀರಾತು ಹೆಚ್ಚು. ಇನ್ನು ಚಂದಾ ಕಟ್ಟಿದವರಿಗೆ ಬೇಸರವೇ ಆಗದ್ದರಿಂದ ಅವರು ನಮ್ಮನ್ನು ಬಿಟ್ಟು ಬೇರೆ ಆ್ಯಪ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ‘ಮುಂದಿನ ಹಾಡು’ ಎಂಬ ಗುಂಡಿ ಒತ್ತುವವರಿಲ್ಲದೆ ತುಕ್ಕು ಹಿಡಿಯಿತು. ಕಂಪನಿಯ ಒಡತಿ ಅನಘಾ ಮೇಡಂ ಬೆಂಗಳೂರಿನಿಂದ ಬಂದು ನನ್ನ ಬೆನ್ನು ತಟ್ಟಿದರು. ಆ ಸದ್ದು ಧಾರವಾಡಕ್ಕೆ ಕೇಳಿಸಿತೆಂದು ಧಾರವಾಡದವರೇ ಹೇಳಿದ್ದಾರೆ.

ಇನ್ನು ನಮ್ಮ ಅಕ್ಕ.

ಅಕ್ಕನ ಹೆಸರು ನೀಲಮ್ಮ. ಅವ್ವ ತೀರಿಕೊಂಡಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದವನು. ಸಾಕಿ ಓದಿಸಿದವಳು ಅಕ್ಕ. ಕಲಘಟಗಿ ದಾರಿಯ ಸರ್ಕಾರಿ ಬಸ್ಸಿನಲ್ಲಿ ಅವಳು ಕಂಡಕ್ಟರ್. ಅವಳ ದನಿಯ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಬಾಗಿಲಲ್ಲಿ ಜನ ದ್ರಾಕ್ಷಿಗೊಂಚಲಿನಂತೆ ಜೋತುಬಿದ್ದಿರುವಾಗ ಅವಳು “ಒಳಗ ಸರೀರಿ, ಜಾಗಾ ಐತಿ!” ಎಂದು ಕೂಗಿದರೆ ಬಸ್ಸಿನ ಜನರಷ್ಟೇ ಅಲ್ಲ, ರಸ್ತೆಬದಿಯ ಬೇವಿನ ಮರಗಳೂ ಒಂದು ಹೆಜ್ಜೆ ಸರಿಯುತ್ತಿದ್ದವು. ನಿಜ ಹೇಳಬೇಕೆಂದರೆ ಒಳಗೆ ಜಾಗ ಇರುತ್ತಿರಲಿಲ್ಲ. ಅಕ್ಕ ಕೂಗಿದ ಮೇಲೆ ಆಗುತ್ತಿತ್ತು.

ಅಂಥ ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈಯೂ ಮಾತೂ ಒಟ್ಟಿಗೆ ಹೋದವು. ನಾಲಿಗೆಯ ಮೇಲೆ ಉಳಿದದ್ದು ಹಳೆಯ ಕೂಗಿನ ಬಾಲ ಮಾತ್ರ: ‘ಐತಿ’. ಹಸಿವಾದರೂ ಐತಿ, ಸಿಟ್ಟು ಬಂದರೂ ಐತಿ, ಚಹಾ ಬೇಡವಾದರೂ ಐತಿ. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ನಮ್ಮ ಮುಖವನ್ನು ಹುಡುಕುತ್ತಿದ್ದ ರೀತಿ ನೋಡಲಾಗುತ್ತಿರಲಿಲ್ಲ.

ದಾರಿ ತೋರಿಸಿದವರು ಮಂಟೂರ ಡಾಕ್ಟರು. “ಮಾತಿನ ಮನಿ ಮೆದುಳಿನ ಎಡಕ್ಕೈತ್ರಿ, ಹಾಡಿನ ಮನಿ ಹೆಚ್ಚಾಗಿ ಬಲಕ್ಕ. ಎಡಗಡೆ ಮನಿ ಬಿದ್ದೈತಿ. ಬಲಗಡೆದು ಗಟ್ಟಿ ಐತಿ. ಆಕಿನ್ನ ಹಾಡಸ್ರಿ, ಮಾತು ಆ ಹಿತ್ತಲ ಬಾಗಿಲದಿಂದ ಹೊರಗ ಬರಬಹುದು.”

ಹಾಡಿಸುವುದಕ್ಕೆ ನಮ್ಮ ಓಣಿಯ ಹೆಂಗಸರ ಭಜನಿ ಮಂಡಳಿಯೇ ಇತ್ತು. ಅಕ್ಕ ಮೊದಲಿನಿಂದಲೂ ಅದರಲ್ಲಿ ಒಬ್ಬಳು. ಹಾರ್ಮೋನಿಯಂ ಹಿಡಿದು ಮುಂದೆ ಹೇಳುವವಳು ಪಾರಕ್ಕ. ಅವಳ ನಾಲಿಗೆಗೆ ಹೆದರಿ ಓಣಿಯ ನಾಯಿಗಳು ಬಾಲ ಅಲ್ಲಾಡಿಸುವ ಮೊದಲು ಅಪ್ಪಣೆ ಕೇಳುತ್ತಿದ್ದವು. ಪ್ರತಿ ಸೋಮವಾರ ಸಂಜೆ ಅವರೆಲ್ಲ ನಮ್ಮ ಪಡಸಾಲೆಯಲ್ಲೇ ಸೇರತೊಡಗಿದರು. ಭಜನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಮುಂದಿನವಳು ಒಂದು ಸಾಲು ಹೇಳುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಅವಳು ಮತ್ತೆ ಅದನ್ನೇ, ಇವರು ಮತ್ತೆ ಅದನ್ನೇ. ಎಮ್ಮೆ ಮೆಲುಕು ಹಾಕಿದ ಹಾಗೆ, ಯಾರಿಗೂ ಅವಸರವಿಲ್ಲ.

ಪಾರಕ್ಕನ ಅವ್ವ ಕಟ್ಟಿದ ಪದ ಒಂದಿತ್ತು:

ಬಾಗಿಲ ತೆರೆದೀನಿ ಬಾರಯ್ಯ ಗುರುವೆ
ಕಂಬಳಿ ಹಾಸೀನಿ ಕೂಡಯ್ಯ ದೊರೆಯೆ

ಸಾಲನ್ನು ಮೊದಲ ಸಲ ಹೇಳುವಾಗ ಅಕ್ಕ ಸುಮ್ಮನೆ ಕಣ್ಣರಳಿಸಿ ಕೇಳುತ್ತಿದ್ದಳು. ಎರಡನೆಯ ಸಲಕ್ಕೆ ತುಟಿ ಅಲುಗುತ್ತಿತ್ತು. ಮೂರನೆಯದಕ್ಕೆ, ನನ್ನಾಣೆ, ಪೂರಾ ಸಾಲು, ಒಂದಕ್ಷರ ತಪ್ಪದೆ, ಹಳೆಯ ಕಂಡಕ್ಟರ್ ದನಿಯಲ್ಲಿ! ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಮಾತಿನ ಬಿಸಿ ಅವಳ ನಾಲಿಗೆಯ ಮೇಲೆ ಆರದೆ ಉಳಿಯುತ್ತಿತ್ತು. ಆಗ ಅವಳು ನನ್ನ ಕಡೆ ತಿರುಗಿ ಊಟವಾಯಿತೇ ಎಂದು ಕೇಳುತ್ತಿದ್ದಳು: “ವಿರುಪ್ಯಾ, ಉಂಡಿ?”

ಇಷ್ಟೇ. ಮತ್ತೆ ಮುಂದಿನ ಸೋಮವಾರದ ತನಕ ‘ಐತಿ’. ಆದರೆ ಆ ‘ಉಂಡಿ?’ಯನ್ನು ಹೊಟ್ಟೆಗೆ ಹಾಕಿಕೊಂಡು ನಾನು ಒಂದು ವಾರ ಉಪವಾಸವಿರಬಲ್ಲವನಾಗಿದ್ದೆ.

ಇಂಥ ಉಪಕಾರ ಮಾಡಿದವರಿಗೆ ನಾನು ಸುಮ್ಮನಿರುತ್ತೇನೆಯೇ? ಕಂಪನಿಯ ಮೈಕುಗಳನ್ನು ಮನೆಗೆ ತಂದು ಮಂಡಳಿಯ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿ ಗುಂಯ್‌ಗೆ ಏರಿಸಿದೆ. ಪ್ರತಿಯೊಬ್ಬರಿಗೂ ಇಯರ್‌ಬಡ್ಡು ಕೊಟ್ಟೆ. ನೌಕರರಿಗೆ ಸಿಗುವ ಫ್ಯಾಮಿಲಿ ಪ್ಲಾನಿನಲ್ಲಿ ಆರು ಜನರಿಗೆ ಅವಕಾಶ; ಅಕ್ಕನನ್ನೂ ಅವಳ ಗೆಳತಿಯರನ್ನೂ ನನ್ನ ಕುಟುಂಬವೆಂದು ತುಂಬಿಬಿಟ್ಟೆ.

ನನ್ನ ಹೆಂಡತಿ ದಾಕ್ಷಾಯಣಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, “ಅಲ್ರೀ, ಫ್ಯಾಮಿಲಿ ಪ್ಲಾನಿನಾಗ ಕಟಗೊಂಡ ಹೆಂಡ್ತಿಗೇ ಜಾಗಾ ಇಲ್ಲೇನು?”

“ನಿನ್ನ ಹೆಸರು ನನ್ನ ಎದಿಯಾಗ ಐತಲ್ಲ, ಪ್ಲಾನಿನಾಗ ಯಾಕ?”

“ಎದಿಯಾಗ ಹಾಡು ಬರೂದಿಲ್ರೀ. ಬರೇ ಬಡಾಯಿ ಬರ್ತಾವ.”

‘ಅರಳೆ ಬೇಕೇ?’ ಎಂಬ ಪ್ರಶ್ನೆ ಪ್ಲಾನಿನ ಯಜಮಾನನಿಗೆ ಮಾತ್ರ ಬರುತ್ತದೆ. ಆರೂ ಜನರ ಪರವಾಗಿ ನಾನೇ ‘ಹೌದು’ ಒತ್ತಿದೆ.

ಮಂಡಳಿಯವರಿಗೆ ಖುಷಿಯೋ ಖುಷಿ. ರೊಟ್ಟಿ ಬಡಿಯುವಾಗ, ಕಾಯಿಪಲ್ಲೆ ಸೋಸುವಾಗ, ಬಸ್ಸಿಗೆ ಕಾಯುವಾಗ, ತಮ್ಮದೇ ಹಾಡು ತಮ್ಮದೇ ದನಿಯಲ್ಲಿ. ಪಾರಕ್ಕ ರಸ್ತೆಯಲ್ಲಿ ನನ್ನನ್ನು ತಡೆದು, “ತಮ್ಮಾ, ನಾವು ಇಷ್ಟ ಚಂದ ಹಾಡ್ತೇವಂತ ನಮಗ ಗೊತ್ತೇ ಇದ್ದಿದ್ದಿಲ್ಲ ನೋಡು! ದಿನಾ ಕೇಳಿದಂಗ ದಿನಾ ಚಂದ ಆಗಾಕತ್ತೈತಿ” ಅಂದಳು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಹಾರಿ ಎದುರು ಮನೆಯ ಗಡಿಯಾರ ನಿಲ್ಲಿಸಿತು.

ಸ್ವಲ್ಪ ದಿನ ಕಳೆಯಿತು. ಒಂದು ಸೋಮವಾರ ನಾನು ಆಫೀಸಿನಿಂದ ಬರುವ ಹೊತ್ತಿಗೆ ಭಜನೆ ನಡೆದಿತ್ತು. ಪಾರಕ್ಕ “ಬಾಗಿಲ ತೆರೆದೀನಿ” ಎಂದು ಎತ್ತಿಕೊಂಡಳು. ಆ ಸಾಲು ಮುಗಿದದ್ದೇ ನೇರ “ಕಂಬಳಿ ಹಾಸೀನಿ”ಗೆ ಹಾರಿದಳು. ಉಳಿದವರೂ ಅವಳ ಬೆನ್ನಿಗೇ ಹಾರಿದರು. ಯಾರೂ ಏನನ್ನೂ ತಿರುಗಿ ಹೇಳಲಿಲ್ಲ. ಹಾಡು ಬಸ್ ಸ್ಟಾಪಿನಲ್ಲಿ ನಿಲ್ಲದೆ ಹೋದ ಬಸ್ಸಿನ ಹಾಗೆ ಹೋಯಿತು, ಅಕ್ಕ ಬಾಯಿ ತೆರೆದುಕೊಂಡು ಹಿಂದೆ ಉಳಿದಳು. ಅವಳ ತುಟಿ ಮೊದಲ ಸಾಲಿಗೆ ಅಣಿಯಾಗುವಷ್ಟರಲ್ಲಿ ಪದವೇ ಮುಗಿದುಹೋಗಿತ್ತು.

“ನೀಲಾ, ಯಾಕವಾ, ಹಾಡಲ್ಲ?” ಪಾರಕ್ಕ ಕೇಳಿದಳು.

“ಐತಿ,” ಅಂದಳು ಅಕ್ಕ.

ಮತ್ತೊಂದು ಪದ. ಅದೂ ಹಾಗೆಯೇ. ಮುಂದಿನ ಸೋಮವಾರವೂ ಹಾಗೆಯೇ. ‘ಉಂಡಿ?’ ಬರಲಿಲ್ಲ.

ಪಾರಕ್ಕ ಹಾರ್ಮೋನಿಯಂ ಮುಚ್ಚಿ ದಾಕ್ಷಾಯಣಿಯನ್ನು ಅಡಿಗೆಮನೆಗೆ ಕರೆದೊಯ್ದು ಪಿಸುಗುಟ್ಟಿದಳು, “ಮತ್ತೊಮ್ಮೆ ಲಕ್ವಾ ಹೊಡದಿರಬೇಕವಾ. ಒಳಗಿಂದೊಳಗ. ದವಾಖಾನಿಗೆ ತೋರಸ್ರಿ.”

ಮರುದಿನ ನಾನು ನಮ್ಮ ನಿಯಂತ್ರಣ ಕೋಣೆಯಲ್ಲಿ ಕೂತಿದ್ದೆ. ಅಲ್ಲಿ ಒಂದು ಗೋಡೆಯೇ ಪರದೆ. ಜಗತ್ತಿನ ಕಿವಿಗಳೆಲ್ಲ ಅದರ ಮೇಲೆ ಚುಕ್ಕೆಗಳಾಗಿ ಹೊಳೆಯುತ್ತವೆ: ಕೇಳುತ್ತಿದ್ದರೆ ಹಸಿರು, ಮನಸ್ಸು ಜಾರಿದರೆ ಹಳದಿ. ಆಕಾಶದಲ್ಲಿ ನಕ್ಷತ್ರ ಕಡಿಮೆ ಬಿದ್ದರೆ ನಮ್ಮಲ್ಲಿಂದ ಸಾಲ ಒಯ್ಯಬೇಕು, ಹಾಗಿತ್ತು ನಮ್ಮ ಗೋಡೆ. ಸುಮ್ಮನೆ ನೋಡೋಣವೆಂದು ನನ್ನ ಪ್ಲಾನಿನ ಆರು ಕಿವಿಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. ‘ಬಾಗಿಲ ತೆರೆದೀನಿ’ ಪದವನ್ನು ಒತ್ತಿ, ಅವರು ಇಲ್ಲಿಯತನಕ ಕೇಳಿದ್ದರ ದಾಖಲೆ ತೆರೆದೆ.

ಪಾರಕ್ಕನ ಕಿವಿಯಲ್ಲಿ ಮೊದಲ ಸಲದ ಸಾಲು ಹಸಿರು. ತಿರುಗಿ ಹೇಳಿದ ಸಾಲುಗಳು ಹಳದಿ, ಆಮೇಲೆ ಖಾಲಿ. ಯಂತ್ರ ಅವನ್ನು ತೆಗೆದುಹಾಕಿತ್ತು. ಉಳಿದ ನಾಲ್ವರದೂ ಅದೇ ಕಥೆ. ರೊಟ್ಟಿ ಬಡಿಯುವವಳ ಮನಸ್ಸು ತಿರುಗಿ ಹೇಳುವಾಗಲೇ ಅಲ್ಲವೇ ಹಂಚಿನ ಕಡೆ ಜಾರುವುದು? ಆ ಗಿಡ್ಡ ಹಾಡನ್ನೇ ದಿನವೂ ಕೇಳಿ, ಅವರು ತಮ್ಮ ಪದವನ್ನು ಹೊಸದಾಗಿ ಕಲಿತುಬಿಟ್ಟಿದ್ದರು. ಬೇರೆಯವರ ದನಿಯಾಗಿದ್ದರೆ ಅನುಮಾನ ಬರುತ್ತಿತ್ತೇನೋ. ಇದು ಅವರದೇ ದನಿ, ಅವರದೇ ಹಾಡು. ತಾವು ಮೊದಲಿನಿಂದಲೂ ಹೀಗೇ ಹಾಡುತ್ತಿದ್ದೆವೆಂದು ನಂಬಿದ್ದರು.

ಆರನೆಯ ಕಿವಿ ಅಕ್ಕನದು. ಅದನ್ನು ತೆರೆದೆ. ಮೊದಲ ಸಲದ ಸಾಲಿಗೆ ಮಂಕು ಹಸಿರು. ಎರಡನೆಯ ಸಲಕ್ಕೆ ಆ ಹಸಿರು ಹೊತ್ತಿಕೊಂಡು ಇಡೀ ಪರದೆಗೆ ಹಬ್ಬಿತು. ಮೂರನೆಯದಕ್ಕೆ ನಾನು ಕಣ್ಣು ಮುಚ್ಚಬೇಕಾಯಿತು. ಅಕ್ಕನ ಕಿವಿಯಲ್ಲಿ ಯಂತ್ರ ಒಂದು ಸಾಲನ್ನೂ ಮುಟ್ಟಿರಲಿಲ್ಲ. ಇಡೀ ಮಂಡಳಿಯಲ್ಲಿ ಪೂರಾ ಹಾಡು ಉಳಿದಿದ್ದದ್ದು ಅವಳೊಬ್ಬಳ ಹತ್ತಿರ. ಸೋಮವಾರ ಅವಳು ತನ್ನ ಸರದಿಗಾಗಿ ಕಾಯುತ್ತ ಕೂತಿರುತ್ತಿದ್ದಳು. ಉಳಿದವರು ಆ ಸರದಿಯನ್ನೇ ಮರೆತಿದ್ದರು.

ನನ್ನ ಮೇಜಿನ ಮೇಲೆ ಆ ಹಳೆಯ ಹತ್ತಿಬೀಜ ಇತ್ತು. ಗಾಜಿನ ಡಬ್ಬಿಯಲ್ಲಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದೆ. ಅವತ್ತು ಅದನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದೆ.

ಮನೆಗೆ ಹೋಗಿ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅರಳೆಯ ಜಯಂತಿಯೆಂದು ಕಂಪನಿ ದೊಡ್ಡ ಸಮಾರಂಭ ಇಟ್ಟುಕೊಂಡಿತ್ತು. ಅದರಲ್ಲಿ ನನಗೆ ಸನ್ಮಾನ. ಶಾಲಿನ ಬಣ್ಣವನ್ನೂ ನಾನೇ ಆರಿಸಿದ್ದೆ. ಅದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ದಾಕ್ಷಾಯಣಿ ತಾನು ಕಲಿಸುವ ಶಾಲೆಗೆ ರಜೆ ಹಾಕಿ ಅಕ್ಕನನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೊರಟಳು. ಚಪ್ಪಲಿ ಮೆಟ್ಟುತ್ತ ಕೇಳಿದಳು, “ನಿಮ್ಮ ಮಷೀನು ಕಿವಿ ಒಳಗ ಇಷ್ಟೆಲ್ಲ ನೋಡತೈತಲ್ರೀ, ಅಕ್ಕಾರಿಗೆ ಏನಾಗೈತಂತ ಅದಕ್ಕೇನರ ಗೊತ್ತಾದೀತೇನು?”

“ಅದು ಹಾಡಿನ ಮಷೀನು. ಡಾಕ್ಟರ್ ಅಲ್ಲ,” ಅಂದೆ.

ಜನ್ಮದಲ್ಲಿ ನಾನು ಆನೆ ಗಾತ್ರದ ಸುಳ್ಳುಗಳನ್ನು ಹೇಳಿದ್ದೇನೆ, ಅವೆಲ್ಲ ಜನರನ್ನು ನಗಿಸಿ ಹೊರಟುಹೋಗಿವೆ. ಇಷ್ಟು ಸಣ್ಣ ಸುಳ್ಳು ಹೇಳಿದ್ದು ಅದೇ ಮೊದಲು. ಅದು ಹೋಗಲಿಲ್ಲ.

ಆಸ್ಪತ್ರೆಗೆ ನಾನೂ ಹೋದೆ. ಸ್ಕ್ಯಾನಿಂಗ್ ಯಂತ್ರದ ಸುರಂಗದಲ್ಲಿ ಅಕ್ಕನನ್ನು ಮಲಗಿಸಿದಾಗ ಅದು ಕಲ್ಲು ಕುಟ್ಟುವ ಹಾಗೆ ಸದ್ದು ಮಾಡಿತು. ಒಳಗಿಂದ ಅಕ್ಕ “ಐತಿ! ಐತಿ!” ಎಂದು ಕೂಗುತ್ತಿದ್ದಳು. ಹೊರಗೆ ಬಂದವಳು ಎಡಗೈಯಿಂದ ನನ್ನ ಅಂಗಿಯನ್ನು ಹಿಡಿದುಕೊಂಡಳು. ಕಾರಿನಲ್ಲಿ, ಮನೆಯ ಮೆಟ್ಟಿಲಲ್ಲಿ, ಎಲ್ಲೂ ಬಿಡಲಿಲ್ಲ. ಸಂಜೆ ಮಂಟೂರ ಡಾಕ್ಟರು ತಮ್ಮ ದವಾಖಾನೆಯಲ್ಲಿ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ ತಲೆ ಕೆರೆದುಕೊಂಡರು. “ಹೊಸಾದೇನೂ ಆಗಿಲ್ರೀ. ಮೊದಲ ಹೆಂಗಿತ್ತು ಹಂಗ ಐತಿ. ಹಾಡು ಯಾಕ ನಿಂತೂ ಅಂತ ನನಗೂ ತಿಳೀವಲ್ದು.”

ತಿಳಿದವನು ಅವರ ಎದುರಿಗೇ ನಿಂತಿದ್ದ.

ಅವತ್ತೇ ಗುಟ್ಟಾಗಿ ಪ್ಲಾನಿನ ಅರಳೆಯನ್ನು ಬಂದ್ ಮಾಡಿದೆ. ಪೂರಾ ಹಾಡು ಕೇಳಿದರೆ ಅವರಿಗೆ ತಾನಾಗಿ ನೆನಪಾದೀತು, ನಾನು ಬಾಯಿ ಬಿಡುವ ಪ್ರಸಂಗವೇ ಬರಲಿಕ್ಕಿಲ್ಲ ಎಂದು ಲೆಕ್ಕ ಹಾಕಿದ್ದೆ. ಎರಡೇ ದಿನಕ್ಕೆ ಪಾರಕ್ಕ ಇಯರ್‌ಬಡ್ಡುಗಳನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಬಂದಳು.

“ತಮ್ಮಾ, ನಿನ್ನ ಮಷೀನ್ ಕೆಟ್ಟೈತಿ ನೋಡು. ಹೇಳಿದ್ದನ್ನ ಹೇಳತೈತಿ, ಹೇಳಿದ್ದನ್ನ ಹೇಳತೈತಿ, ಹಲ್ಲು ಬಿದ್ದ ಮುದುಕಿ ಹಂಗ. ಕೇಳಾಕ ಬ್ಯಾಸರಾತು.”

“ಅದು ನೀವು ಹಾಡಿದ್ದು, ಪಾರಕ್ಕ.”

“ನಾವ್ಯಾಕ ಹಂಗ ಎಳದಾಡೂಣು? ಬಾಯಾಗ ಏನು ರಬ್ಬರ್ ಐತೇನು?”

ಯಂತ್ರವನ್ನು ನಾನು ಸರಿಮಾಡಿದ್ದೆ. ಕಿವಿಯನ್ನು ಹೇಗೆ ಸರಿಮಾಡುವುದೆಂದು ನಮ್ಮ ಕಂಪನಿಯಲ್ಲಿ ಯಾರೂ ಕಂಡುಹಿಡಿದಿರಲಿಲ್ಲ.

ಅನಘಾ ಮೇಡಂ ಹತ್ತಿರ ಹೋದೆ. ಅಕ್ಕನ ಹೆಸರು ಎತ್ತದೆ, ತಿರುಗಿ ಹೇಳುವ ಸಾಲುಗಳನ್ನು ಅರಳೆ ಮುಟ್ಟದ ಹಾಗೆ ಮಾಡೋಣವೇ ಎಂದು ಕೇಳಿದೆ.

“ಬೇಡ ಅನ್ನೋರಿಗೆ ಆಫ್ ಮಾಡೋ ಗುಂಡಿ ಇದೆಯಲ್ಲ ವಿರೂಪಾಕ್ಷ್,” ಅಂದರು ಅವರು. “ಯಾರಾದ್ರೂ ಒತ್ತುತಾರಾ? ನೀವೇ ಗೋಡೆ ನೋಡ್ತೀರಲ್ಲ. ಪೂರ್ತಿ ಹಾಡು ಕೊಟ್ರೆ ಜನ ಕಿವಿಯಿಂದ ಕಿತ್ತಿಡ್ತಾರೆ.” ಆಮೇಲೆ ಕಿಟಕಿಯ ಕಡೆ ತಿರುಗಿ ತಮಗೆ ತಾವೇ ಎಂಬಂತೆ ಅಂದರು, “ನನ್ನ ಮಗಳಿಗೆ ಕಥೆ ಹೇಳ್ತಾ ಇದ್ರೆ ಅರ್ಧಕ್ಕೇ ‘ಅಮ್ಮಾ, ಮುಂದಕ್ಕೆ ಹೋಗು’ ಅಂತಾಳೆ. ನಂಗೂ ಒಂದೊಂದ್ಸಲ ಏನೋ ಅನ್ಸುತ್ತೆ. ಆದ್ರೆ ಏನು ಮಾಡೋದು, ಹೇಳಿ? ಅದಿರಲಿ, ಸಮಾರಂಭಕ್ಕೆ ನೀವು ಆ್ಯಪ್‌ಗೆ ಹಾಕಿದ ನಿಮ್ಮ ಅಕ್ಕನವರ ಭಜನೆ ಮಂಡಳಿಯನ್ನೇ ಹಾಡೋಕೆ ಕರೀರಿ. ನಮ್ಮ ಆ್ಯಪ್ ಕೇಳಿ ಎಷ್ಟು ಚುರುಕಾಗಿದ್ದಾರೆ ಅಂತ ಎಲ್ರಿಗೂ ಗೊತ್ತಾಗಲಿ.”

ಆಗುವುದಿಲ್ಲ ಎನ್ನಬೇಕಿತ್ತು. ನನ್ನ ಬಾಯಿ, ಹುಟ್ಟಿದಾಗಿನಿಂದ ನನ್ನ ಮಾತು ಕೇಳದ ಬಾಯಿ, ಹೇಳಿಯೇಬಿಟ್ಟಿತು: “ಹಾಡ್ತಾರ್ರೀ ಮೇಡಂ. ಅವರು ಹಾಡಿದರ ಉಣಕಲ್ ಕೆರಿ ನೀರು ಎದ್ದು ನಿಂತು ಕೇಳತೈತಿ.”

ಸಮಾರಂಭದ ಹಿಂದಿನ ದಿನ ಭಾನುವಾರ. ಬೆಳಿಗ್ಗೆಯೇ ಮಂಡಳಿಯವರು ತಾಲೀಮಿಗೆ ನಮ್ಮ ಪಡಸಾಲೆಗೆ ಬಂದರು. ಅಕ್ಕ ದಾಕ್ಷಾಯಣಿಯಿಂದ ಇಳಕಲ್ ಸೀರೆ ಉಡಿಸಿಕೊಂಡು ಅವರಿಗಿಂತ ಮೊದಲೇ ಕೂತಿದ್ದಳು. ಹಾರ್ಮೋನಿಯಂ ಒರೆಸುವುದು ಅವಳ ಕೆಲಸ. ಎಡಗೈಯಲ್ಲಿ ಬಟ್ಟೆ ಹಿಡಿದು ಸ್ವರದ ಒಂದೊಂದೇ ಮನೆಯನ್ನು ಒರೆಸುತ್ತಿದ್ದಳು. ನಾನು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂತೆ. ಒಳಗೆ ಹೋಗಿ ಕೂರಲು ಮನಸ್ಸಾಗಲಿಲ್ಲ.

ಪಾರಕ್ಕ ಅಕ್ಕನ ಎದುರು ಕೂತು ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. “ನೀಲಾ, ಒಂದು ಮಾತು ಹೇಳತೇನಿ, ಬ್ಯಾಸರ ಮಾಡಕೋಬ್ಯಾಡವಾ. ನಾಳಿ ನೀ ಸ್ಟೇಜ್ ಮ್ಯಾಲ ಬರೂದು ಬ್ಯಾಡ. ಅಷ್ಟು ಮಂದಿ ಮುಂದ ಬಾಯಿ ತಕ್ಕೊಂಡು ಕುಂತರ ನಿನಗ ತ್ರಾಸು, ನೋಡಾಕ ನಮಗೂ ತ್ರಾಸು. ಇನ್ನ ಮ್ಯಾಲ ಸೋಮವಾರನೂ ನಮ್ಮ ಮನ್ಯಾಗ ಇಟಗೋತೇವಿ. ನೀ ಆರಾಮ ತೊಗೊ.”

ಅಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ. ಒರೆಸಿದ ಮನೆಯನ್ನೇ ಮತ್ತೆ ಒರೆಸಿದಳು. “ಐತಿ,” ಅಂದಳು. ತಪ್ಪು ತನ್ನದು, ತನ್ನೊಳಗೇ ಏನೋ ಕೆಟ್ಟಿದೆ ಎನ್ನುವ ಹಾಗೆ ತಲೆ ತಗ್ಗಿಸಿ, ಇನ್ನೊಮ್ಮೆ, “ಐತಿ.”

“ಆಕಿದೇನೂ ತಪ್ಪಿಲ್ಲ,” ಅಂದೆ ನಾನು.

ಎಲ್ಲರೂ ತಿರುಗಿದರು.

“ಆಕಿಗೆ ಏನೂ ಆಗಿಲ್ಲ. ನಿಮಗ ಆಗೈತಿ. ಮಾಡಿದಾಂವ ನಾನು.” ಅಲಂಕಾರವಿಲ್ಲದೆ ಮಾತಾಡಿ ನನಗೆ ಅಭ್ಯಾಸವಿಲ್ಲ, ತಡವರಿಸಿದೆ. ಯಂತ್ರ ಏನು ಮಾಡುತ್ತದೆ, ಯಾವ ಸಾಲುಗಳನ್ನು ತೆಗೆಯಿತು, ಅಕ್ಕ ಎಲ್ಲಿ ಕಾಯುತ್ತಾಳೆ, ಎಲ್ಲ ಹೇಳಿದೆ. ಸ್ಕ್ಯಾನಿಂಗಿಗೆ ಹೋಗುವ ಮೊದಲೇ ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ. ದಾಕ್ಷಾಯಣಿ ಚಹಾದ ತಟ್ಟೆಯನ್ನು ನೆಲಕ್ಕಿಟ್ಟು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೈದವಳು ಪಾರಕ್ಕ. “ನಮ್ಮವ್ವ ಕಟ್ಟಿದ ಪದಕ್ಕ ಕತ್ರಿ ಹಾಕಿದ್ಯಾ? ನಮ್ಮ ದನೀಲೇ ನಮಗ ಮೋಸ ಮಾಡಿದ್ಯಾ, ಮೂಳಾ? ಮ್ಯಾಲ ಆ ಬಡಪಾಯಿನ್ನ ಆ ಮಷೀನಿನ ಸುರಂಗದಾಗ ಮಲಗಿಸಿ ಬಂದಿ!” ಅವಳು ಹಾರ್ಮೋನಿಯಂ ಎಳೆದುಕೊಂಡಳು. “ಏಳ್ರೇ, ಈಗ ಪೂರಾ ಹಾಡೂಣು. ಹೆಂಗಿತ್ತು ಹಂಗ.”

ಎತ್ತಿಕೊಂಡರು. “ಬಾಗಿಲ ತೆರೆದೀನಿ ಬಾರಯ್ಯ ಗುರುವೆ…” ಸಾಲು ಮುಗಿಯಿತು. ಅಲ್ಲಿ ನಿಲ್ಲಬೇಕು, ಹಿಂದಕ್ಕೆ ಬರಬೇಕು. ಪಾರಕ್ಕನ ಬೆರಳುಗಳು ತಾವಾಗಿಯೇ ಮುಂದಿನ ಸಾಲಿಗೆ ಹೋಗಿಬಿಟ್ಟವು. ಇನ್ನೊಮ್ಮೆ ಶುರು ಮಾಡಿದರು, ಇನ್ನೊಮ್ಮೆ ಹಾರಿದರು. ಪಾರಕ್ಕ ತನ್ನ ಕೈಯನ್ನೇ ಬೇರೆಯವರ ಕೈಯೆಂಬಂತೆ ನೋಡಿದಳು.

“ಬಾಯಿ ಓಡತೈತವಾ,” ಅಂದಳು. ಸಿಟ್ಟು ಇಳಿದು ಹೆದರಿಕೆ ಬಂದಿತ್ತು. “ಹಿಡದರ ನಿಲ್ಲವಲ್ದು.”

ಆ ಪಡಸಾಲೆಯಲ್ಲಿ ಅರಳೆ ಮುಟ್ಟದ ಕಿವಿಗಳು ಅಕ್ಕನವು ಬಿಟ್ಟರೆ ಇನ್ನೆರಡು ಜನರವು. ದಾಕ್ಷಾಯಣಿಗೆ ಪ್ಲಾನಿನಲ್ಲಿ ಜಾಗ ಕೊಟ್ಟಿರಲಿಲ್ಲ, ಆದರೆ ಅವಳ ದನಿ ಅವತ್ತು ಹೊರಡುವ ಸ್ಥಿತಿಯಲ್ಲಿರಲಿಲ್ಲ. ಇನ್ನೊಬ್ಬ ನಾನು. ಮಾರುವವನು ಎಂದಾದರೂ ತನ್ನ ಸರಕನ್ನು ಕೇಳುತ್ತಾನೆಯೇ? ನನ್ನ ಹಾಡಿನ ಬಗ್ಗೆ ಮಾತ್ರ ನಾನು ಜಂಬ ಕೊಚ್ಚಿದವನಲ್ಲ. ಶಾಲೆಯ ಪ್ರಾರ್ಥನೆಗೆ ನಿಂತರೆ ಮಾಸ್ತರರು ನನ್ನ ಬಾಯಿ ಮುಚ್ಚಿಸಿಯೇ ಶ್ರುತಿ ಕೊಡುತ್ತಿದ್ದರು.

“ನೀವು ಹಾಡಕೋತ ಹೋಗ್ರಿ,” ಅಂದೆ. “ಒಂದು ಸಾಲು ಆದಕೂಡ್ಲೆ ನಾನು ಅಡ್ಡ ಬರತೇನಿ. ನಾ ಮುಗಿಸೂತನಕ ಬಾಯಿಗೆ ಸೆರಗು ಹಿಡಕೊಳ್ರಿ.”

ಹಾಗೆಯೇ ಮಾಡಿದರು. ಸಾಲು ಮುಗಿದದ್ದೇ ಐದೂ ಜನ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ನಾನು ಬಾಗಿಲ ಬಳಿಯಿಂದ ಎತ್ತಿದೆ: “ಬಾಗಿಲ ತೆರೆದೀನಿ ಬಾರಯ್ಯ ಗುರುವೆ…” ದನಿ ಎಲ್ಲಿಗೋ ಹೋಯಿತು, ಶ್ರುತಿ ಇನ್ನೆಲ್ಲಿಗೋ. ಒಬ್ಬಳು ಸೆರಗಿನೊಳಗೇ ನಕ್ಕಳು. ನಾನು ಬಿಡಲಿಲ್ಲ, ಮತ್ತೆ ಅದನ್ನೇ ಹೇಳಿದೆ. ಅಕ್ಕನ ಕೈಯಲ್ಲಿದ್ದ ಬಟ್ಟೆ ನಿಂತಿತು. ತುಟಿ ಅಲುಗಿತು. ಮತ್ತೊಮ್ಮೆ ಹೇಳಿದೆ.

ಅಕ್ಕ ಹಾಡಿನೊಳಗೆ ಬಂದಳು. ಮೊದಲು ‘ಬಾರಯ್ಯ’, ಆಮೇಲೆ ಪೂರಾ ಸಾಲು, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಕಿರ್ರೆಂದು, ಆಮೇಲೆ ಸಲೀಸಾಗಿ. ಪಾರಕ್ಕ ಸೆರಗು ತೆಗೆದು, ಅಳುತ್ತಲೇ, ಅವಳ ಹಿಂದೆ ಅದೇ ಸಾಲನ್ನು ಹಿಡಿದಳು. ಉಳಿದವರೂ ಹಿಡಿದರು. ಆ ಸಾಲನ್ನು ಎಷ್ಟು ಸಲ ಹೇಳಿದೆವೋ. ಯಾರಿಗೂ ಮುಂದಕ್ಕೆ ಹೋಗುವ ಅವಸರ ಇರಲಿಲ್ಲ.

ನಾನು ಹೇಳುತ್ತಲೇ ಇದ್ದೆ, ಆದರೆ ನನ್ನ ಕಣ್ಣ ಮುಂದೆ ಗೋಕುಲ ರಸ್ತೆಯ ಆ ಗೋಡೆ ಬಂದು ನಿಂತಿತ್ತು. ಅದರ ತುಂಬ ಹಸಿರು ಚುಕ್ಕೆಗಳು, ಎಲ್ಲರಿಗೂ ಖುಷಿ. ಆ ಚುಕ್ಕೆಗಳ ಮನೆಗಳಲ್ಲಿ ಎರಡನೆಯ ಸಲಕ್ಕಾಗಿ ಬಾಯಿ ತೆರೆದು ಕೂತವರು ಎಷ್ಟಿರಬಹುದು? ಜಗತ್ತಿನ ಎಲ್ಲ ಕಿವಿ ಎಣಿಸಿದ್ದೇನೆಂದು ಮೆರೆದವನು ನಾನು. ಅವರನ್ನು ಒಂದು ದಿನವೂ ಎಣಿಸಿರಲಿಲ್ಲ. ಅವರ ಓಣಿಗೆ ಹೋಗಿ ಹಾಡಲು ನನಗೊಂದೇ ಗಂಟಲಿದೆ, ಅದೂ ಹೀಗಿದೆ.

ಪದ ಮುಗಿಯಿತು. ಪಾರಕ್ಕ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. “ನಿನ್ನ ದನಿ ಕೇಳಿ ನಮ್ಮವ್ವ ಸಮಾಧ್ಯಾಗ ಹೊಳ್ಳಿ ಮಲಗಿರಬೇಕು. ಆದ್ರ ನಾಳಿ ನೀನೂ ನಮ್ಮ ಕೂಡ ಸ್ಟೇಜ್ ಮ್ಯಾಲ ಕೂಡತಿ. ಶಾಲು ಹೊಚ್ಚಿಸಿಕೊಳ್ಳಾಕಲ್ಲ. ಸಾಲು ತಿರುಗಿ ಹೇಳಾಕ. ನಿಮ್ಮ ಮೇಡಮ್ಮಗ, ಬಂದ ಮಂದಿಗೆ, ಈಗ ನಮಗ ಹೇಳಿದ್ದೆಲ್ಲಾ ಹೇಳಿ ಆಮ್ಯಾಲ ಹಾಡು.”

“ಕೆಲಸಾ ಹೋಗತೈತಿ, ಪಾರಕ್ಕ.”

“ಹೋಗಲಿ. ನಮ್ಮ ಮಂಡಳ್ಯಾಗ ಒಂದು ಖಾಲಿ ಐತಿ. ಪಗಾರ ಇಲ್ಲ.”

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಅಕ್ಕನ ನಾಲಿಗೆಯ ಮೇಲೆ ಮಾತಿನ ಬಿಸಿ ಇನ್ನೂ ಆರಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಅವಳು ಕೇಳಿದ್ದಳು. ಮಾತು ಹೋಗಿತ್ತೇ ಹೊರತು ತಿಳಿವಳಿಕೆ ಹೋಗಿರಲಿಲ್ಲ. ‘ಉಂಡಿ?’ ಎಂದು ಕೇಳುತ್ತಾಳೇನೋ ಎಂದು ಕಾದೆ. ಅದನ್ನು ಕೇಳಿಸಿಕೊಳ್ಳುವ ಮುಖ ನನಗಿರಲಿಲ್ಲ, ಆದರೂ ಕಾದೆ.

ಅಕ್ಕ ಎಡಗೈ ಎತ್ತಿ ಚಪ್ಪಲಿಗಳ ಪಕ್ಕ ಕೂತಿದ್ದ ನನ್ನನ್ನು ತೋರಿಸಿದಳು. ಹಾಸಿದ ಜಮಖಾನೆಯ ತುಂಬ ಒತ್ತಿಕೊಂಡು ಕೂತಿದ್ದ ಹೆಂಗಸರ ಕಡೆ ನೋಡಿ ಅಂದಳು:

“ಒಳಗ ಸರೀರಿ. ಜಾಗಾ ಐತಿ.”

ಜಾಗ ಇರಲಿಲ್ಲ. ಅವಳು ಹೇಳಿದ ಮೇಲೆ ಆಯಿತು. ನಾನು ಎದ್ದು ಹೋಗಿ ಅವರ ನಡುವೆ ಕೂತೆ. ಮೂರು ಲೋಕದಲ್ಲಿ ಯಾರೂ ಅಷ್ಟು ಇಕ್ಕಟ್ಟಿನಲ್ಲಿ ಕೂತಿರಲಿಕ್ಕಿಲ್ಲ. ಇದೊಂದು ಮಾತ್ರ ಉತ್ಪ್ರೇಕ್ಷೆಯಲ್ಲ.